ಜೀರೋ ಬಿಲ್ಲಿನ ಚಳಿ

(ಡಿಸೆಂಬರ್. ಕುಂದಾಪುರದಿಂದ ಬೈಂದೂರಿಗೆ ಹೊರಟ ಬಸ್ಸು. ಜನ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಶೀನಣ್ಣನ ಕಿವಿಗೆ ಮಫ್ಲರ್.)

ಗಿರ್ಜಕ್ಕ: ಹ್ವಾಯ್ ಶೀನಣ್ಣ, ಎಂತ ಜ್ವರವಾ?

ಶೀನಣ್ಣ: ಚಳಿಗಾಲ ಅಲ್ದಾ ಮಾರಾಯ್ರೆ! ಗೀಸರ್ ಹಾಕ್ಸ್ದೆ. ಸರ್ಕಾರದ ಗೃಹಜ್ಯೋತಿಯಗೆ ಕರೆಂಟ್ ಬಿಲ್ ಸೊನ್ನೆ!

ಗಿರ್ಜಕ್ಕ: ನಾವ್ ಇನ್ನೂ ಮಡ್ಲ್, ಕಾಯಿಸಿಪ್ಪಿ ಉರ್ಸಿ ಹಂಡಿ ನೀರ್ ಕಾಸುದ್.

ಶೀನಣ್ಣ: ಅದೇ ನಿಮ್ ತಪ್ಪ್! 2022-23ರಗೆ ಉರ್ಸ್ದ ಕರೆಂಟಿನ ತಿಂಗ್ಳ ಸರಾಸರಿ, ಅದ್ರ ಮೇಲ್ ಶೇಕಡಾ 10. ಅಷ್ಟೇ ಪುಕ್ಕಟೆ. ನಮ್ಮನಿಯಗೆ ಆ ವರ್ಷ ಹಗ್ಲಿಗೂ ಲೈಟ್!

ಗಿರ್ಜಕ್ಕ: ಅಂದ್ರೆ ಉಳ್ಸ್ದವ್ರಿಗೆ ಕಮ್ಮಿ, ಉರ್ಸ್ದವ್ರಿಗೆ ಜಾಸ್ತಿ?

ಶೀನಣ್ಣ: 48 ಯೂನಿಟ್ ಒಳ್ಗಿನವ್ರಿಗೆ ಶೇಕಡಾ ಬದ್ಲ್ 10 ಯೂನಿಟ್ಟೇ ಕೊಟ್ರಲೆ, 2024ರಗೆ!

ಗಿರ್ಜಕ್ಕ: ಓ, ಹತ್ತ್ ದಿನ ಗೀಸರಗೆ ಮೀವ್ಲಕ್ಕ್. ಲಂಡನ್ನಗಿಪ್ಪ ಮಗ ಹ್ಯಾಂಗಿದ್ದ?

ಶೀನಣ್ಣ: ಹೀಟರ್ ಬಂದ್ ಮಾಡಿ ಎರಡ್ ಸ್ವೆಟರ್ ಹಾಕ್ಕಂಡ್ ಕೂತಿದ್ದ. 2022ರಗೆ ಅಲ್ಲಿ ಸಾಮಾನ್ಯ ಮನಿಗೇ ಕರೆಂಟ್, ಗ್ಯಾಸ್ ಸೇರಿ ವರ್ಷಕ್ಕ್ 2,500 ಪೌಂಡ್ ಬಿಲ್ ಅಂಬ್ರ್.

ಗಿರ್ಜಕ್ಕ: ಅಲ್ಲಿ ಬಿಲ್ ಬಂದ್ರೆ ಚಳಿ, ಇಲ್ಲಿ ಬಿಲ್ ಬರ್ದಿರೆ ಚಳಿ! ಹೌದಾ, ವಾರಾಹಿ ಹೊಳಿ ನೀರ್ ಹೊಸಂಗಡಿಯಗೆ ಕರೆಂಟ್ ಆತ್ತ್, ಕರೆಂಟ್ ಬಂದ್ ನಿಮ್ಮನಿ ನೀರ್ ಕಾಸತ್ತ್. ಅಲ್ಲೇ ಬಿಸಿ ಮಾಡಿ ಬಿಟ್ರ್ ಆತಿಲ್ಯಾ?

(ಶೀನಣ್ಣನಿಗೆ ಮನೆಯಿಂದ ಫೋನು.)

ಶೀನಣ್ಣ: ಅಯ್ಯೋ, ಈ ತಿಂಗ್ಳ್ 197 ಯೂನಿಟ್ ಆಯ್ತಂಬ್ರ್! 200 ದಾಟ್ರೆ ಪೂರಾ ಬಿಲ್ ನಂದೇ. ರೀಡಿಂಗಿಗ್ ಬಪ್ಪು ತನಕ ಲೈಟ್ ಹಾಕುಕಾಗ!

ಗಿರ್ಜಕ್ಕ: ಗೃಹ ಕತ್ಲಿಯಗೆ, ಜ್ಯೋತಿ ಬಿಲ್ಲಗೆ! ಮತ್ತ್ ಮೀವುದೆಲ್ಲಿ?

ಶೀನಣ್ಣ: (ಮಫ್ಲರ್ ಬಿಚ್ಚುತ್ತ) ನಿಮ್ ಹಂಡಿಯಗೆ ಒಂದೆರಡ್ ಚೆಂಬ್ ಬಿಸಿನೀರ್ ಇತ್ತಾ ಗಿರ್ಜಕ್ಕ?