ಆರನೆಯ ಬೆರಳು

ಗುಂಡ್ಲುಪೇಟೆಯ ಟೆಂಟಿನಲ್ಲಿ ನೆಲದ ಟಿಕೆಟ್ಟು ಕೊಂಡು ಸಿನಿಮಾ ನೋಡಿದವರಲ್ಲಿ ನಾನೂ ಒಬ್ಬ. ಕೂರುವ ಜಾಗದಲ್ಲಿ ಮರಳು ಗುಡ್ಡೆ ಮಾಡಿಕೊಂಡರೆ ಅದೇ ನಮ್ಮ ಬಾಲ್ಕನಿ. ಹಿಂದೆ ಕೂತವನು ಬೈದರೆ ಬಾಲ್ಕನಿಯನ್ನು ಕೈಯಲ್ಲೇ ಸವರಿ ನೆಲಸಮ ಮಾಡಬೇಕಾಗುತ್ತಿತ್ತು. ಕಡ್ಲೆಕಾಯಿ ಪೊಟ್ಟಣ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದವಳು ನಮ್ಮ ಸೋದರತ್ತೆ. ಅವಳಿಗೆ ಪರದೆಯ ಮೇಲಿನವರ ಜೊತೆ ಮಾತಾಡುವ ಅಭ್ಯಾಸ.

ವಜ್ರಮುನಿ ಅಬ್ಬರಿಸಿದರೆ ನೆಟಿಕೆ ಮುರಿದು ಶಾಪ ಹಾಕುತ್ತಿದ್ದಳು. ಆದರೆ ಅವಳ ನಿಜವಾದ ಗಮನವೆಲ್ಲ ಖಳನಾಯಕನ ಹಿಂದೆ ಕೈಕಟ್ಟಿ ನಿಂತ ನಾಲ್ಕು ಜನರ ಮೇಲೆ. ಅವರಲ್ಲೊಬ್ಬನಿಗೆ ಆ ಹಾಳು ಕೆಲಸ ಬೀಳುತ್ತದೆಂದು ಅವಳಿಗೆ ಮೊದಲೇ ಗೊತ್ತು. ಧಣಿ ತೊಟ್ಟಿಲ ಕಡೆ ಬೆರಳು ತೋರಿಸಿ ‘ಮುಗಿಸಿ ಬಾ’ ಅನ್ನುತ್ತಾನೆ. ಇವನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಡುರಾತ್ರಿ ಹೊಳೆದಂಡೆಗೆ ಬರುತ್ತಾನೆ. ಸಿಡಿಲು, ಮಿಂಚು. ಮಗು ಮಾತ್ರ ನಗುತ್ತಿರುತ್ತದೆ. ಕತ್ತಿ ಮೇಲೆದ್ದಾಗ ಅತ್ತೆ ಮೆಲ್ಲಗೆ ಹೇಳುತ್ತಿದ್ದಳು: “ಬ್ಯಾಡ ಕಣ್ಲಾ ಮಗ, ನಿನ್ಗೂ ಮಕ್ಳವೆ.” ಕತ್ತಿ ಇಳಿಯುತ್ತಿತ್ತು. ಅತ್ತೆ ಹೇಳಿದ್ದಕ್ಕೇ ಅವನು ಬಿಟ್ಟ ಎಂದು ನಾನು ಬಹಳ ವರ್ಷ ನಂಬಿದ್ದೆ.

ಮಗುವನ್ನು ಗುಡಿಯ ಮೆಟ್ಟಿಲ ಮೇಲೆ ಮಲಗಿಸಿ ಹೋದ ಆ ಮನುಷ್ಯ ಮತ್ತೆ ಕಾಣಿಸುವುದಿಲ್ಲ. ಮಗು ಒಂದೇ ಹಾಡಿನಲ್ಲಿ ಬೆಳೆದು ದೊಡ್ಡದಾಗುತ್ತದೆ, ಕುದುರೆ ಹತ್ತುತ್ತದೆ, ಸೇಡು ತೀರಿಸಿಕೊಳ್ಳುತ್ತದೆ. ಇಷ್ಟಕ್ಕೂ ಕಾರಣನಾದವನ ಹೆಸರು ಟೈಟಲ್ಲಿನಲ್ಲೂ ಇರುವುದಿಲ್ಲ. ಇದ್ದರೆ ‘ಮತ್ತು ಇತರರು’ ಎಂಬಲ್ಲಿ ಸೇರಿಕೊಂಡಿರುತ್ತದೆ. ಅವನು ಮಹಾತ್ಮನೇನಲ್ಲ ಬಿಡಿ. ಹಿಂದಿನ ರೀಲಿನಲ್ಲೇ ಯಾರದೋ ಹುಲ್ಲಿನ ಮೆದೆಗೆ ಬೆಂಕಿ ಇಟ್ಟು ಬಂದಿರುತ್ತಾನೆ. ಆಗ ಅವನ ಕರುಳು ನಿದ್ದೆ ಮಾಡುತ್ತಿತ್ತು. ನ್ಯಾಯಬೆಲೆ ಅಂಗಡಿಯ ಹಾಗೆ ಅದು ಬಾಗಿಲು ತೆಗೆಯುವುದು ಯಾವತ್ತೋ ಒಂದು ದಿನ.

ಈ ಮನುಷ್ಯನ ಮೂಲಪುರುಷರು ನನಗೆ ಸಿಕ್ಕಿದ್ದು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ. ಮಂತ್ರಿ ದುಷ್ಟಬುದ್ಧಿ ಅನಾಥ ಬಾಲಕ ಚಂದ್ರಹಾಸನನ್ನು ಕೊಲ್ಲಲು ಕಟುಕರಿಗೆ ಒಪ್ಪಿಸುತ್ತಾನೆ. ಕಾಡಿಗೆ ಕರೆದೊಯ್ದವರಿಗೆ ಹುಡುಗನ ಮುಖ ನೋಡಿ ಮನಸ್ಸು ಬಾರದು. ಗುರುತು ಒಯ್ಯದೆ ಹೋದರೆ ಮಂತ್ರಿ ಬಿಡುವವನಲ್ಲ. ಹುಡುಗನ ಕಾಲಲ್ಲಿ ಆರು ಬೆರಳು. ಹೆಚ್ಚಿಗೆ ಇದ್ದ ಆರನೆಯದನ್ನು ಕತ್ತರಿಸಿಕೊಂಡು ಹೋಗಿ ತೋರಿಸುತ್ತಾರೆ. ಕರುಣೆಯ ಜೊತೆಗೆ ಲೆಕ್ಕಾಚಾರವೂ ಇದೆ ನೋಡಿ: ಐದು ಬೆರಳಿದ್ದರೆ ಸಾಕಲ್ಲ, ನಡೆಯುವುದಕ್ಕೆ!

ಕತೆ ಅಲ್ಲಿಗೇ ನಿಂತಿದ್ದರೆ ನೀತಿಪಾಠ ಆಗುತ್ತಿತ್ತು. ಚಂದ್ರಹಾಸ ಬೆಳೆದ ಮೇಲೆ ದುಷ್ಟಬುದ್ಧಿ ಮತ್ತೆ ಕೊಲೆಗಾರರನ್ನು ಗೊತ್ತು ಮಾಡುತ್ತಾನೆ. ಸಂಜೆ ದೇವಿಯ ಗುಡಿಗೆ ಬಂದವನನ್ನು ಕಡಿಯಬೇಕು, ಅಷ್ಟೇ. ಈ ಸಲದವರು ಹಿಂದೆಗೆಯಲಿಲ್ಲ, ಮುಖವನ್ನೂ ನೋಡಲಿಲ್ಲ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮುಗಿಸಿದರು. ಚಂದ್ರಹಾಸನ ಬದಲು ಗುಡಿಗೆ ಬಂದಿದ್ದವನು ದುಷ್ಟಬುದ್ಧಿಯ ಸ್ವಂತ ಮಗ ಮದನ. ಮಾತು ಕೇಳದ ಆಳು ಊರಿಗೊಬ್ಬ ರಾಜನನ್ನು ಉಳಿಸಿಕೊಟ್ಟ, ಮಾತು ಕೇಳಿದ ಆಳು ಧಣಿಯ ಮನೆಯನ್ನೇ ಹಾಳು ಮಾಡಿದ. ಸಂಬಳ ಕೊಡುವವರೆಲ್ಲ ಈ ಕತೆಯನ್ನು ಎರಡು ಸಲ ಓದಿಕೊಂಡರೆ ಒಳ್ಳೆಯದು.

ಹಾಗೆಂದು ನಮ್ಮ ಸೀಮೆಯವರು ಹಿಂದೆಗೆಯುವವರನ್ನಷ್ಟೇ ಮೆಚ್ಚಿದವರಲ್ಲ. ನೀಲಗಾರರು ರಾತ್ರಿಯೆಲ್ಲ ತಂಬೂರಿ ಹಿಡಿದು ಹಾಡುವ ಸಿದ್ದಪ್ಪಾಜಿಯ ಕತೆ ಇದಕ್ಕೆ ತದ್ವಿರುದ್ಧ. ಗುರು ಮಂಟೇಸ್ವಾಮಿ ಅವನನ್ನು ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಲು ಕಳಿಸಿದ. ಹೋದವನಿಗೆ ಅಲ್ಲಿ ಒಂದಾದ ಮೇಲೊಂದು ಪರೀಕ್ಷೆ. ‘ಒಪ್ಕಂಡಿದ್ದು ಇಷ್ಟೇ’ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಅದಕ್ಕೇ ಅವನಿಗೆ ಚಿಕ್ಕಲ್ಲೂರಿನಲ್ಲಿ ಜಾತ್ರೆ, ಹೊಳೆದಂಡೆಯಲ್ಲಿ ಕತ್ತಿ ಇಳಿಸಿದವನಿಗೆ ಒಂದು ಊದುಬತ್ತಿಯೂ ಇಲ್ಲ.

ಚಾಮರಾಜನಗರದಿಂದ ತಾಳವಾಡಿ ಕಡೆ ಹೊರಟರೆ ಗಾಜನೂರು ಸಿಗುತ್ತದೆ. ಗಡಿ ಎಳೆದವರ ಲೆಕ್ಕದಲ್ಲಿ ಅದು ತಮಿಳುನಾಡು, ನಮ್ಮ ಲೆಕ್ಕದಲ್ಲಿ ರಾಜ್‌ಕುಮಾರ್ ಹುಟ್ಟಿದೂರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರು ಮೊದಲ ಬಾರಿಗೆ ನಾಯಕರಾದರು. ಆ ಕತೆಯಲ್ಲಿ ಹಿಂದೆಗೆದವರು ಯಾರು ಎಂದು ಯೋಚಿಸಿದ್ದೀರಾ? ಕಣ್ಣಪ್ಪನಂತೂ ಅಲ್ಲ, ಅವನು ಒಂದು ಕಣ್ಣು ಕಿತ್ತುಕೊಟ್ಟು ಇನ್ನೊಂದಕ್ಕೆ ಕೈ ಹಾಕಿದವನು. ಶಿವನೇ ಗಾಬರಿಯಾಗಿ ತಡೆದ. ಪರೀಕ್ಷೆ ಕೊಟ್ಟ ಮೇಷ್ಟರೇ ‘ಸಾಕಪ್ಪಾ ಸಾಕು, ನಾನು ಇಷ್ಟು ಕೇಳಿರಲಿಲ್ಲ’ ಎಂದ ಹಾಗೆ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿಯೂ ಅಷ್ಟೇ. ಎಂ.ಪಿ. ಶಂಕರ್ ಮಾಡಿದ ವೀರಬಾಹುವಿನ ಆಳಾದ ರಾಜ, ಕಟ್ಟಿಕೊಂಡ ಹೆಂಡತಿಯ ಮೇಲೇ ಕತ್ತಿ ಎತ್ತುತ್ತಾನೆ. ನಮ್ಮತ್ತೆ ‘ಬ್ಯಾಡ ಕಣ್ಲಾ’ ಎಂದು ಎಷ್ಟು ಕೂಗಿದರೂ ಅವನು ಕೇಳಲಿಲ್ಲ, ಕೊನೆಗೆ ದೇವರೇ ಬರಬೇಕಾಯಿತು. ಮನುಷ್ಯ ತಾನಾಗಿ ನಿಲ್ಲದಿದ್ದರೆ ದೇವರಿಗೆ ಕೆಲಸ ಹೆಚ್ಚು.

ಹಿಂದೆಗೆಯುವುದರಲ್ಲಿ ಚಾಮರಾಜನಗರಕ್ಕೆ ಬೇರೆಯದೇ ಖ್ಯಾತಿ ಇತ್ತು. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮಾತು. ಊರಿನ ಹಳೆಯ ಹೆಸರು ಅರಿಕುಠಾರ, ಅಂದರೆ ಶತ್ರುಗಳಿಗೆ ಕೊಡಲಿ. ಅದನ್ನು ನೆನೆದು ಮುಖ್ಯಮಂತ್ರಿಗಳು ಹೆದರಿ ಹಿಂದೆಗೆದರೋ ಏನೋ! ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೊಸ ಗಂಡಹೆಂಡಿರು ಧೈರ್ಯವಾಗಿ ಬರುತ್ತಾರೆ. ಅವರಿಗಿಂತ ದೊಡ್ಡ ಅಪಾಯಕ್ಕೆ ತಲೆ ಕೊಟ್ಟವರು ಯಾರಿದ್ದಾರೆ? ಕೊನೆಗೆ 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಹೋಗಿ ಐದು ವರ್ಷವನ್ನೂ ಪೂರೈಸಿದರು. ಊರಿನ ಮರ್ಯಾದೆ ಉಳಿಯಿತು.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ‘ಮತ್ತು ಇತರರು’ ಆಗಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷ, ಎತ್ತರದ ಆಳು, ಪೊದೆ ಮೀಸೆ. ಬಡ್ಡಿಗೆ ದುಡ್ಡು ಬಿಡುತ್ತಿದ್ದ ಪರಿಚಯದ ಅಣ್ಣನೊಬ್ಬ, “ತೆರಕಣಾಂಬಿ ಕಡೀಕ್ ಹೋಗ್ಬರಮ ಬಾ. ನೀ ಏನೂ ಮಾಡ್ಬೇಡ, ಸುಮ್ನೆ ನಿಂತ್ಕೊ. ಬರ್ತಾ ಮಸಾಲೆದೋಸೆ” ಎಂದ. ನಿಂತುಕೊಳ್ಳುವುದಕ್ಕೆ ದೋಸೆ ಎಂದರೆ ಯಾರು ಬೇಡ ಅನ್ನುತ್ತಾರೆ?

ಸಾಲ ಮಾಡಿದ್ದವರ ಮನೆಯ ಮುಂದೆ ಸುಮ್ಮನೆ ನಿಂತೆ. ಸ್ವಲ್ಪ ಹೊತ್ತಿಗೆ ಅಣ್ಣ ಪಿಸುಗುಟ್ಟಿದ: “ಒಸಿ ಕೆಮ್ಲಾ.” ಕೆಮ್ಮಿದೆ. ಒಳಗಿನಿಂದ ಆ ಮನೆಯಾಕೆ “ಬಿಸ್ಲಲ್ಲಿ ಬಂದಿದ್ದೀರಿ” ಎಂದು ಚೊಂಬಿನ ತುಂಬ ಮಜ್ಜಿಗೆ ತಂದುಕೊಟ್ಟಳು. ಹೆದರಿಸಲು ಕೆಮ್ಮಿದ್ದು ಗಂಟಲು ಒಣಗಿದ್ದಕ್ಕೆ ಎಂದು ಆಕೆಗೆ ಅರ್ಥವಾಗಿತ್ತು. ಕುಡಿದೆ. ಅಷ್ಟರಲ್ಲಿ ಅಣ್ಣನ ದನಿ ಏರಿತ್ತು. “ಹಗ್ಗ ಬಿಚ್ಲಾ, ಹಸ ಹೊಡ್ಕಂಡ್ ಹೋಗಮ” ಎಂದ.

ಕೊಟ್ಟಿಗೆಯ ಹಸು ಕತ್ತೆತ್ತಿ ನನ್ನನ್ನೇ ನೋಡಿತು. ನನ್ನ ಕೈಯಲ್ಲಿ ಅದರದೇ ಮಜ್ಜಿಗೆಯ ಚೊಂಬು. “ನನ್ ಕೈಲಾಗಲ್ಲ ಕಣಣ್ಣ” ಎಂದುಬಿಟ್ಟೆ. “ಅಷ್ಟೆತ್ರ ಬೆಳ್ದಿದ್ದೀಯಲ್ಲಾ ದಂಡಕ್ಕೆ!” ಎಂದು ಅಣ್ಣ ತಾನೇ ಎರಡು ಹೆಜ್ಜೆ ಮುಂದಿಟ್ಟ. ಹಸು ಕೊಂಬು ಆಡಿಸಿತು. ಅವನೂ ನಿಂತ. ಅವತ್ತು ಸಂಜೆ ನಾನು ಎಲೆಕೋಸಿನ ಲಾರಿಯ ಹಿಂದೆ ಕೂತು ಗುಂಡ್ಲುಪೇಟೆಗೆ ಬಂದೆ.

ನನ್ನನ್ನು ತಡೆದದ್ದು ಕರುಳೋ ಕೊಂಬೋ, ಇವತ್ತಿಗೂ ಪತ್ತೆಯಾಗಿಲ್ಲ. ಹೊಳೆದಂಡೆಯವನಿಗೂ ಚಳಿಗೆ ಕೈ ನಡುಗಿತ್ತೋ ಏನೋ, ಯಾರು ಕಂಡರು? ಹಾಡಿನಲ್ಲಿ ಪುಣ್ಯಕೋಟಿ ಎಂಬ ಹಸುವನ್ನು ತಿನ್ನದೆ ಬಿಟ್ಟ ಹುಲಿ ಅರ್ಬುತನ ಬಗ್ಗೆ ಮಾತ್ರ ನಮಗೆ ಅನುಮಾನ ಬರುವುದಿಲ್ಲ. ಬಂಡೀಪುರದ ಹುಲಿಗಳು ಆ ಹಾಡು ಕೇಳಿದಂತಿಲ್ಲ, ಕಾಡಂಚಿನ ಊರಿನವರನ್ನು ಕೇಳಿ ನೋಡಿ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಸೇರಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ವೀರಬಾಹುವಾಗಿದ್ದ ಎಂ.ಪಿ. ಶಂಕರ್ ‘ಗಂಧದ ಗುಡಿ’ ತೆಗೆದದ್ದೂ ಅದೇ ವರ್ಷ. ಈಗ ಹುಲಿಗಾಗಿ ಮನುಷ್ಯನೇ ಹಿಂದೆಗೆಯಬೇಕು. 2009ರಿಂದ ರಾತ್ರಿ ಒಂಬತ್ತಾದರೆ ಮದ್ದೂರು ಚೆಕ್‌ಪೋಸ್ಟಿನಲ್ಲಿ ಗೇಟು ಬೀಳುತ್ತದೆ, ಕೇರಳದ ಲಾರಿಗಳು ಬೆಳಗಿನ ಆರರವರೆಗೆ ಸಾಲಾಗಿ ನಿಲ್ಲುತ್ತವೆ. ಡ್ರೈವರುಗಳು ಬೈದುಕೊಳ್ಳುತ್ತಾರೆ, ಬೀಡಿ ಹಚ್ಚುತ್ತಾರೆ, ಮಲಗುತ್ತಾರೆ. ಆಚೆ ಆನೆ ರಸ್ತೆ ದಾಟುತ್ತದೆ.

ಕೆಲವು ವರ್ಷದ ಮೇಲೆ ಗುಂಡ್ಲುಪೇಟೆಯ ಸಂತೆಯಲ್ಲಿ ಮಜ್ಜಿಗೆ ಕೊಟ್ಟ ಆಕೆ ಸಿಕ್ಕಳು. ನನ್ನ ಗುರುತು ಹಿಡಿದದ್ದು ಮೀಸೆಯಿಂದ. “ಆ ಹಸ ಆಮ್ಯಾಕೆ ಮೂರ್ ಕರ ಹಾಕ್ತು ಕಣಪ್ಪ” ಎಂದಳು. ಸಾಲ ಏನಾಯಿತು ಎಂದು ಕೇಳಿದೆ. ಹಾಲು ಮಾರಿಯೇ ಬಡ್ಡಿಸಮೇತ ತೀರಿಸಿದ್ದರಂತೆ. ಹಗ್ಗ ಬಿಚ್ಚಿದ್ದರೆ ಅಣ್ಣನಿಗೆ ಅಷ್ಟು ದುಡ್ಡು ಬರುತ್ತಿರಲಿಲ್ಲ.

ದೋಸೆ ಮಾತ್ರ ಇನ್ನೂ ಬಾಕಿ ಇದೆ.