ನಾಯಿಯ ಚೀಲಕ್ಕೂ ಕಾನೂನು ಬೇಕು

ಆಸ್ಟ್ರೇಲಿಯಾದ ಕೇಂದ್ರದ, ರಾಜ್ಯಗಳ ಮಾನ್ಯ ಕೃಷಿ ಸಚಿವರಿಗೆ,

ಪರ್ತ್‌ನ ಈಶಾನ್ಯಕ್ಕೆ, ಸ್ವಾನ್ ಕಣಿವೆಯ ದ್ರಾಕ್ಷಿ ತೋಟಗಳ ಮಗ್ಗುಲಲ್ಲಿರುವ ಎಲೆನ್‌ಬ್ರೂಕ್ ಬಡಾವಣೆ ನಮ್ಮದು. ಸಂಜೆ ವಾಕಿಂಗ್ ಹೊರಟರೆ ಮನುಷ್ಯರಿಗಿಂತ ಮೊದಲು ನಾಯಿಗಳೇ ನಮ್ಮ ಗುರುತು ಹಿಡಿಯುತ್ತವೆ. ಅವುಗಳ ಪರವಾಗಿ ಈ ಪತ್ರ.

ನಾನು ಹಾಸನದ ಕಡೆಯ, ದನಕರು ಕಟ್ಟಿದ ಮನೆಯಲ್ಲಿ ಬೆಳೆದವಳು. ಅಮ್ಮ ಕಡಲೆಕಾಯಿ ಹಿಂಡಿಯನ್ನು ಮುರಿದು ಮೂಸಿ ನೋಡುತ್ತಿದ್ದಳು. ಮುಗ್ಗಲು ವಾಸನೆ ಬಂದರೆ ಅದು ತಿಪ್ಪೆಗೆ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದರ ಅಂಶ ಹಾಲಿಗೂ ಇಳಿಯುತ್ತದೆ ಎಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಭಾರತದಲ್ಲಿ ಒಂದು ಕೆ.ಜಿ. ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರುವಂತಿಲ್ಲ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆ ‘ಆಹಾರ’ ಎಂದರೇನು ಎಂದು ಹೇಳುವಾಗ ಪಶು ಆಹಾರವನ್ನು ಹೊರಗಿಟ್ಟಿದೆ. ಹಾಲಿಗೆ ಕಾನೂನು ಇದೆ, ಹಾಲಾಗುವ ಹಿಂಡಿ ಆ ಕಾನೂನಿನ ಆಚೆಗಿದೆ. ಇಂಥ ಲೋಪ ನಿಮ್ಮ ಕಾನೂನಿನಲ್ಲಿ ಮಾತ್ರ ಇದೆ ಎನ್ನಲು ನಾನು ಬಂದಿಲ್ಲ.

ನಮ್ಮ ಹಿತ್ತಲಲ್ಲಿ ನಾಲ್ಕು ಕೋಳಿಗಳಿವೆ. ಅವುಗಳ ಮೇವಿನ ಚೀಲದ ಮೇಲೆ, ಇದರಲ್ಲಿ ನಿರ್ಬಂಧಿತ ಪ್ರಾಣಿಜನ್ಯ ವಸ್ತು ಇದೆ, ದನ, ಕುರಿ, ಮೇಕೆಗಳಿಗೆ ಹಾಕಬೇಡಿ ಎಂಬ ಎಚ್ಚರಿಕೆ ಅಚ್ಚಾಗಿದೆ. ಆ ಸಾಲಿನ ಹಿಂದೆ ದೊಡ್ಡ ದುರಂತವಿದೆ. 1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು. ಸತ್ತ ದನಗಳ ಮಾಂಸ, ಮೂಳೆಯ ಪುಡಿಯನ್ನೇ ದನಗಳಿಗೆ ತಿನ್ನಿಸಿದ್ದರಿಂದ ಅದು ಹರಡಿತ್ತು. ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ರಾಸುಗಳಿಗೆ ತಗುಲಿತು, ಮನುಷ್ಯರನ್ನೂ ಕೊಂದಿತು. ನೀವು ತೊಂಬತ್ತರ ದಶಕದಲ್ಲೇ ಮೆಲುಕು ಹಾಕುವ ಪ್ರಾಣಿಗಳಿಗೆ ಆ ಪುಡಿಯನ್ನು ನಿಷೇಧಿಸಿದಿರಿ. ರೋಗ ಈ ದೇಶದ ದನಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ಮೇವಿನ ಕಾನೂನು ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ.

ಆ ಮೇವು ಕೊಳ್ಳುವ ಅಂಗಡಿಯಲ್ಲೇ ಪಕ್ಕದ ಸಾಲಿನಲ್ಲಿರುವ ನಾಯಿ, ಬೆಕ್ಕಿನ ಆಹಾರಕ್ಕೆ ಎಎಸ್ 5812 ಎಂಬ ಮಾನದಂಡವಿದೆ. ಪಾಲಿಸುವುದು, ಬಿಡುವುದು ತಯಾರಕರ ಇಷ್ಟ. ಉದ್ಯಮದ ಸಂಘಕ್ಕೆ ಸೇರಿದವರು ಪಾಲಿಸಬಹುದು, ಹೊರಗಿರುವವರನ್ನು ಕೇಳುವವರಿಲ್ಲ. ಕೆಟ್ಟ ಸರಕನ್ನು ಮಾರುಕಟ್ಟೆಯಿಂದ ವಾಪಸ್ ತರಿಸುವುದೂ ಬಹುಮಟ್ಟಿಗೆ ಕಂಪನಿಯ ಮರ್ಜಿಗೇ ಬಿಟ್ಟದ್ದು.

ಇದರ ಫಲ ನಿಮಗೆ ಗೊತ್ತು. 2018ರಲ್ಲಿ ಒಂದೇ ಬ್ರಾಂಡಿನ ಒಣ ಆಹಾರ ತಿಂದ ಹಲವು ನಾಯಿಗಳಿಗೆ ಅನ್ನನಾಳ ಹಿಗ್ಗಿ, ತುತ್ತು ಹೊಟ್ಟೆಗೆ ಇಳಿಯದಂತಾಯಿತು. ಅವುಗಳಲ್ಲಿ ವಿಕ್ಟೋರಿಯಾ ಪೊಲೀಸರ ನಾಯಿಗಳೂ ಇದ್ದವು. 2021ರಲ್ಲಿ ಅದೇ ರಾಜ್ಯದ ಗಿಪ್ಸ್‌ಲ್ಯಾಂಡ್ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ನಾಯಿಗಳು ಯಕೃತ್ತು ಕೆಟ್ಟು ಸತ್ತವು. ಅವು ತಿಂದದ್ದು ಕುದುರೆ ಮಾಂಸ. ಆ ಕುದುರೆಗಳು ದೂರದ ನಾರ್ದರ್ನ್ ಟೆರಿಟರಿಯಿಂದ ಬಂದವು, ಅಲ್ಲಿ ಬೆಳೆಯುವ ನೀಲಿ ಜಾತಿಯ ಗಿಡದ ಇಂಡೋಸ್ಪಿಸಿನ್ ಎಂಬ ವಿಷ ಅವುಗಳ ಮೈಯಲ್ಲಿ ಉಳಿದಿತ್ತು. ಕುದುರೆ ಮೇದದ್ದು ಒಂದು ಕಡೆ, ನಾಯಿ ಸತ್ತದ್ದು ಇನ್ನೊಂದು ಕಡೆ. ರಾಜ್ಯಕ್ಕೊಂದು ನಿಯಮ ಇಟ್ಟುಕೊಂಡು ಇಂಥದ್ದನ್ನು ತಡೆಯಲಾಗದು.

ಮಾನದಂಡವನ್ನು ಕಡ್ಡಾಯ ಮಾಡಿದರೆ ಸಣ್ಣ ತಯಾರಕರು ಮುಳುಗುತ್ತಾರೆ ಎಂಬ ವಾದವಿದೆ. ಅವರಿಗೆ ಎರಡು ವರ್ಷ ಕಾಲಾವಕಾಶ ಕೊಡಿ, ಪರೀಕ್ಷೆಯ ಶುಲ್ಕ ಇಳಿಸಿ. ಹಸುವನ್ನು ನಾವು ತಿನ್ನುತ್ತೇವೆ, ಹಾಗಾಗಿ ಅದು ತಿನ್ನುವುದನ್ನು ಸರ್ಕಾರ ಪರೀಕ್ಷಿಸುತ್ತದೆ. ನಾಯಿಯನ್ನು ತಿನ್ನುವುದಿಲ್ಲ, ಬರೀ ಪ್ರೀತಿಸುತ್ತೇವೆ. ಪ್ರೀತಿಗೂ ಕಾನೂನಿನಲ್ಲಿ ಬೆಲೆ ಇರಬೇಕು. ಪಕ್ಕದ ಮನೆಯ ಅಜ್ಜಿಗೆ ದಿನವಿಡೀ ಮಾತಾಡಲು ಇರುವುದು ಅವರ ನಾಯಿಯೊಂದೇ. ಅಮ್ಮ ಹಿಂಡಿಯನ್ನು ಮೂಸಬಲ್ಲವಳಾಗಿದ್ದಳು, ಈ ಅಜ್ಜಿ ಸೀಲು ಮಾಡಿದ ಡಬ್ಬಿಯನ್ನು ಮೂಸಿ ಏನು ತಿಳಿದಾರು?

ಸೆನೆಟ್ ಸಮಿತಿ ಸಾಕುಪ್ರಾಣಿಗಳ ಆಹಾರದ ಸುರಕ್ಷತೆಯನ್ನು ವಿಚಾರಿಸಿ 2018ರ ಅಕ್ಟೋಬರಿನಲ್ಲೇ ವರದಿ ಕೊಟ್ಟಿದೆ. ಹೊಸ ಸಮಿತಿ ಬೇಡ. ನೀವೆಲ್ಲ ಸೇರುವ ಮುಂದಿನ ಸಭೆಯಲ್ಲಿ ಆ ವರದಿಯನ್ನು ಮೇಜಿನ ಮೇಲಿಡಿ, ಮಾನದಂಡವನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡುವ ದಿನಾಂಕ ಬರೆದು ಏಳಿ.

ಇಂತು,
ಎಲೆನ್‌ಬ್ರೂಕ್‌ನ ಒಬ್ಬ ಕನ್ನಡತಿ