ಐದು ತಿಂಗಳ ಮರಿಯನ್ನು ವಾಪಸ್ ಕೊಡಹೊರಟವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ದತ್ತು ಶಿಬಿರಕ್ಕೆ ಬಂದವರೆಲ್ಲ ಮೊದಲು ಎತ್ತಿಕೊಳ್ಳುವುದು 45 ದಿನದ ಮರಿಗಳನ್ನು. ಕಾಲು ಉದ್ದವಾಗಿ, ಕಿವಿ ಅಗಲವಾಗಿ, ಮುದ್ದು ಮುಖ ಮಾಯವಾಗಿರುವ ಐದು ತಿಂಗಳ ನಾಟಿ ಮರಿಯನ್ನು ನೀವು ಆರಿಸಿಕೊಂಡಿರಿ. ಅದು ನಿಮ್ಮ ದೊಡ್ಡ ಮನಸ್ಸು. ಆದರೆ ವಾರ ತುಂಬುವ ಮೊದಲೇ, ಇದು ನಮ್ಮ ಮನೆಗೆ ಹೊಂದುವುದಿಲ್ಲ ಎಂದು ನಿರ್ಧರಿಸಿದ್ದೀರಿ. ಸೋಫಾದಡಿ ಅಡಗುತ್ತದೆ, ಲಿಫ್ಟ್ ಹತ್ತುವುದಿಲ್ಲ, ಅರ್ಧ ಗಂಟೆ ಹೊರಗೆ ಸುತ್ತಾಡಿಸಿ ತಂದರೂ ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ ಎನ್ನುತ್ತೀರಿ. ದೂರು ನಿಜವೇ. ಅದರ ಹಿಂದಿರುವುದು ಭಯ, ಮತ್ತು ಭಯ ಇಳಿಯಲು ವಾರ ಸಾಲದು.

ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಬೆಳೆಸಿ, ಗಮನಿಸಿ, 1965ರಲ್ಲಿ ತಾವು ಕಂಡದ್ದನ್ನು ಪುಸ್ತಕವಾಗಿಸಿದರು. ಹುಟ್ಟಿದ 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಮರಿ ಕಂಡು, ಕೇಳಿ, ಮೂಸಿ ಬೆಳೆದದ್ದು ಅದಕ್ಕೆ ಸಹಜವಾಗುತ್ತದೆ. ಆಮೇಲೆ ಎದುರಾಗುವ ಹೊಸತನ್ನು ಅದು ಮೊದಲು ಅನುಮಾನಿಸುತ್ತದೆ. ನಿಮ್ಮ ಮರಿ ಆ ವಾರಗಳನ್ನು ಕಳೆದದ್ದು ಯಾವುದೋ ಮೋರಿಯ ಪಕ್ಕದಲ್ಲಿ ಅಥವಾ ಕಟ್ಟಡ ಏಳುತ್ತಿದ್ದ ಕಡೆ ಮರಳ ರಾಶಿಯ ಮೇಲೆ. ಮಿಕ್ಸಿಯ ಅಬ್ಬರ, ಕುಕ್ಕರ್ ಸೀಟಿ, ಜಾರುವ ಟೈಲ್ಸ್, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಅದಕ್ಕೆ ಎಲ್ಲಿ ಗೊತ್ತು? 12 ವಾರ ದಾಟಿದರೆ ಕಲಿಕೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಆ ನಿಧಾನಕ್ಕೆ ನೀವು ಹೊಂದಿಕೊಳ್ಳಬೇಕು.

ಮೊದಲು ಅದಕ್ಕೊಂದು ಮೂಲೆ ಕೊಡಿ. ಓಡಾಟವಿಲ್ಲದ ಕಡೆ ಒಂದು ಗೋಣಿಚೀಲ ಅಥವಾ ಹಳೆಯ ಬೆಡ್‌ಶೀಟ್, ಪಕ್ಕದಲ್ಲಿ ನೀರು ಸಾಕು. ಅಲ್ಲಿರುವಾಗ ಮಕ್ಕಳೂ ಸೇರಿ ಯಾರೂ ಅದನ್ನು ಎಳೆಯಬಾರದು. ನೆಂಟರಿಗೆ ತೋರಿಸುವುದು, ಸ್ನಾನ ಮಾಡಿಸುವುದು ಎಲ್ಲ ಆಮೇಲೆ. ಶೆಲ್ಟರಿನಲ್ಲಿ ತಿನ್ನುತ್ತಿದ್ದುದನ್ನೇ ಕೆಲವು ದಿನ ಹಾಕಿ. ಆಹಾರ ಬದಲಿಸುವುದಾದರೆ ಒಂದು ವಾರ ಹಿಡಿದು ಸ್ವಲ್ಪಸ್ವಲ್ಪವಾಗಿ ಬದಲಿಸಿ. ರಾತ್ರಿ ಬಾಲ್ಕನಿಗೆ ದೂಡಬೇಡಿ. ಒಡಹುಟ್ಟಿದವುಗಳ ಮೈಗೆ ಅಂಟಿಕೊಂಡು ಮಲಗಿದ ಜೀವ ಅದು, ನಿಮ್ಮ ಉಸಿರು ಕೇಳುವಷ್ಟು ಹತ್ತಿರ ಮಲಗಲಿ.

ಉಚ್ಚೆಯ ವಿಷಯ. ಹಗ್ಗ ಹಿಡಿದು ಯಾರೋ ನೋಡುತ್ತ ನಿಂತಿರುವಾಗ, ಸ್ಕೂಟರುಗಳ ಸದ್ದಿನ ನಡುವೆ ಬೆದರಿದ ಮರಿ ಹೊಯ್ಯುವುದಿಲ್ಲ. ಒಳಗೆ ಬಂದು ಮೈ ಸಡಿಲವಾದ ಮೇಲೆ ಹೊಯ್ಯುತ್ತದೆ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಒಂದೇ ಮಣ್ಣಿನ ಜಾಗಕ್ಕೆ ಕರೆದೊಯ್ದು ಸುಮ್ಮನೆ ನಿಲ್ಲಿ. ಹೊಯ್ದ ಕ್ಷಣವೇ ಬೆನ್ನು ಸವರಿ, ಒಂದು ಚೂರು ಕೋಳಿಮಾಂಸ ಕೊಡಿ. ಮನೆಯೊಳಗೆ ಹೊಯ್ದರೆ ಮೂಗನ್ನು ಅದಕ್ಕೆ ಉಜ್ಜುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಅದರಿಂದ ಮರಿ ಕಲಿಯುವುದು ಒಂದೇ: ನಿಮ್ಮ ಕಣ್ಣು ತಪ್ಪಿಸಿ ಹೊಯ್ಯುವುದು.

ಚಪ್ಪಲಿ ಕಚ್ಚುತ್ತದೆ ಎಂಬುದಕ್ಕೂ ಕಾರಣವಿದೆ. ಸುಮಾರು 4ರಿಂದ 7 ತಿಂಗಳ ನಡುವೆ 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುತ್ತವೆ, ಒಸಡು ನೋಯುತ್ತದೆ. ಚಪ್ಪಲಿ ಎತ್ತಿಡಿ, ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರಿನಲ್ಲಿಟ್ಟು, ನಿಮ್ಮ ಕಣ್ಣೆದುರೇ ಕಚ್ಚಲು ಕೊಡಿ. ರೇಬೀಸ್ ಲಸಿಕೆ ಆಗಿದೆಯೇ ಎಂದು ಕಾರ್ಡ್ ನೋಡಿ, ಪಶುವೈದ್ಯರಿಗೊಮ್ಮೆ ತೋರಿಸಿ.

ಒಂದು ಎಚ್ಚರಿಕೆಯನ್ನು ಮಾತ್ರ ಸಡಿಲ ಮಾಡಬೇಡಿ. ಹೊಸ ಮನೆಯ ಮೊದಲ ವಾರಗಳಲ್ಲಿ ಬೆದರಿದ ಮರಿ ಕುತ್ತಿಗೆಪಟ್ಟಿಯಿಂದ ತಲೆ ಜಾರಿಸಿಕೊಂಡು ಓಡಬಲ್ಲದು, ಓಡಿದರೆ ಹಿಂತಿರುಗುವ ದಾರಿ ಅದಕ್ಕೆ ತಿಳಿಯದು. ಪಟ್ಟಿಯ ಜೊತೆಗೆ ಎದೆಗೂ ಬೆಲ್ಟ್ ಹಾಕಿ, ಫೋನ್ ನಂಬರಿನ ಬಿಲ್ಲೆ ಕಟ್ಟಿ. ದೀಪಾವಳಿಯ ಪಟಾಕಿ ದಿನಗಳಲ್ಲಿ ಸಂಜೆಯಾಗುವ ಮೊದಲೇ ಮನೆ ಸೇರಿಸಿ. ಒಂಟಿಯಾಗಿ ಬಿಡುವುದನ್ನೂ ಕಲಿಸಬೇಕು: ಮೊದಲು ಒಂದು ನಿಮಿಷ, ಆಮೇಲೆ ಐದು, ಆಮೇಲೆ ಹಾಲು ತರುವಷ್ಟು ಹೊತ್ತು. ಇಡೀ ದಿನದ ಆಫೀಸಿಗೆ ಒಮ್ಮೆಲೇ ಬೀಗ ಹಾಕಿ ಹೊರಟರೆ ಅದು ಅರಚುತ್ತದೆ, ಅಸೋಸಿಯೇಷನ್ನಿನವರು ಬಾಗಿಲು ತಟ್ಟುತ್ತಾರೆ.

ಅಸೋಸಿಯೇಷನ್ನಿನ ಒತ್ತಡವೇ ನಿಮ್ಮ ಕಾರಣವಾದರೆ ಇದು ತಿಳಿದಿರಲಿ: ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ಕಾಯಿಲೆಯಂಥ ಗಟ್ಟಿ ಕಾರಣವಿದ್ದರೆ ಮರಿಯನ್ನು ತಂದ ಕಡೆಯೇ ಒಪ್ಪಿಸಿ, ನಿಮ್ಮನ್ನು ದೂರುವುದಿಲ್ಲ. ರಸ್ತೆಗೆ ಬಿಡುವ ಯೋಚನೆ ಮಾತ್ರ ಬೇಡ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ವಾಪಸ್ ಬಂದ ಮರಿ ಇನ್ನೂ ದೊಡ್ಡದಾಗಿರುತ್ತದೆ, ಇನ್ನಷ್ಟು ಅಂಜಿರುತ್ತದೆ, ಅದನ್ನು ಕೇಳುವವರು ಇನ್ನೂ ಕಡಿಮೆಯಾಗಿರುತ್ತಾರೆ. ನಿಮ್ಮ ಕಾರಣ ಅದರ ಭಯವೊಂದೇ ಆಗಿದ್ದರೆ ಮೂರು ತಿಂಗಳು ಕೊಡಿ. ವಾಪಸ್ ಕೊಡುವ ಮಾತನ್ನು ಅಲ್ಲಿಯವರೆಗೆ ಎತ್ತಬೇಡಿ.

ಇಂತಿ,
ನಾಯಿಗಳ ಪರವಾಗಿ, ನಿಮ್ಮವ